ಭಯಾನಕ ರಸ ಮತ್ತು ಮೇಜಿನಾಟ: ‘ಕಾಲ್ ಆಫ್ ಕ್ಥುಲು’ ಕುರಿತು ಕೆಲವು ಮಾತು

ಆಟವೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಈ ಪುಟಗಳಲ್ಲಿ ರೂಢಿಯಿಲ್ಲ. ಕಾದಂಬರಿ, ಕವನಸಂಕಲನ, ಹೆಚ್ಚೆಂದರೆ ಒಂದು ನಾಟಕ ಅಥವಾ ಚಲನಚಿತ್ರ, ಇಷ್ಟರಲ್ಲಿ ನಮ್ಮ ವಿಮರ್ಶೆಯ ಎಲ್ಲೆ ಮುಗಿಯುತ್ತದೆ. ಆದರೆ ಧರಮಪೇಠದ ನಮ್ಮ ಕನ್ನಡ ಮನೆಗಳ ಕೆಲವು ತರುಣರು ಭಾನುವಾರದ ಸಂಜೆ ಮೇಜಿನ ಸುತ್ತ ಕೂತು, ದೀಪ ಸಣ್ಣದು ಮಾಡಿ, ನಾಲ್ಕೈದು ತಾಸು ಒಂದು ಕಥೆಯನ್ನು ತಾವೇ ಕಟ್ಟಿ ತಾವೇ ಅದಕ್ಕೆ ಹೆದರುತ್ತಾರೆಂದು ತಿಳಿದಾಗ, ಇದು ಮಕ್ಕಳಾಟವೆಂದು ತಳ್ಳಿಹಾಕುವುದು ಸರಿಯೆನಿಸಲಿಲ್ಲ. ನಾವೂ ಅವರೊಡನೆ ಕೂತೆವು. ಮೊದಲು ಅವರ ರೂಢಿಯಂತೆ ಇಂಗ್ಲಿಷಿನಲ್ಲಿ, ಬಳಿಕ ನಮ್ಮ ಒತ್ತಾಯಕ್ಕೆ ಕನ್ನಡದಲ್ಲಿ. ಅದರಿಂದ ಹೊರಟ ವಿಚಾರಗಳನ್ನು ಸಹೃದಯರ ಮುಂದಿಡುತ್ತಿದ್ದೇವೆ.

ಈ ಬಗೆಯ ಪಾತ್ರಧಾರಣೆಯ ಆಟಗಳು ಅಚ್ಚಾಗಿ ಹೊರಬಿದ್ದದ್ದು 1974ರಲ್ಲಿ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೂಲಕ. ಅದು ಖಡ್ಗ, ಮಂತ್ರ, ನಿಧಿಗಳ ಸಾಹಸ. ಭಯವನ್ನೇ ವಸ್ತುವಾಗಿ ಇಟ್ಟುಕೊಂಡ ‘ಕಾಲ್ ಆಫ್ ಕ್ಥುಲು’ ಬಂದದ್ದು 1981ರಲ್ಲಿ. ರಚಿಸಿದವರು ಸ್ಯಾಂಡಿ ಪೀಟರ್ಸನ್, ಪ್ರಕಾಶಕರು ಕೇಯಾಸಿಯಂ ಸಂಸ್ಥೆ. ಅದರ ಹೆಸರೂ ಲೋಕವೂ ಎಚ್. ಪಿ. ಲವ್‌ಕ್ರಾಫ್ಟ್ (1890-1937) ಬರೆದ, 1928ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಕಥೆಯಿಂದ ಬಂದವು. ಆಟಗಾರರಲ್ಲಿ ಒಬ್ಬರು ಕೀಪರ್, ಅಂದರೆ ಕಥೆ ನಡೆಸುವವರು. ಉಳಿದವರು ಒಬ್ಬೊಬ್ಬ ಶೋಧಕನ ಪಾತ್ರ ಹಿಡಿಯುತ್ತಾರೆ: ಪ್ರಾಧ್ಯಾಪಕ, ಪತ್ರಕರ್ತೆ, ವೈದ್ಯ, ಗ್ರಂಥಪಾಲಕ. ಕೀಪರ್ ಸನ್ನಿವೇಶ ಹೇಳಿ ‘ಈಗ ಏನು ಮಾಡುತ್ತೀರಿ?’ ಎಂದು ಕೇಳುತ್ತಾರೆ. ಫಲಿತಾಂಶ ಸಂದೇಹಾಸ್ಪದವಾದಲ್ಲಿ ಹತ್ತು ಮುಖದ ಎರಡು ದಾಳ ಉರುಳಿಸಿ ನೂರರೊಳಗಿನ ಒಂದು ಸಂಖ್ಯೆ ಪಡೆಯುತ್ತಾರೆ. ಅದು ಪಾತ್ರದ ಸಾಮರ್ಥ್ಯಕ್ಕಿಂತ ಹೆಚ್ಚಾಗದಿದ್ದರೆ ಕೆಲಸ ಕೈಗೂಡಿತು. ಆಟದ ಸ್ಥೂಲರೂಪ ಇಷ್ಟೇ.

ಕನ್ನಡಿಗರಿಗೆ ಇದು ತೀರ ಅಪರಿಚಿತವೆನ್ನಲಾಗದು. ನಮ್ಮ ತಾಳಮದ್ದಳೆಯೂ ವೇಷವಿಲ್ಲದೆ, ರಂಗಸಜ್ಜಿಕೆಯಿಲ್ಲದೆ, ಕೂತಲ್ಲೇ ಪಾತ್ರವಾಗುವ ಕಲೆ. ಭಾಗವತರು ಪದ್ಯ ಹೇಳಿ ಪ್ರಸಂಗವನ್ನು ಮುಂದಕ್ಕೆ ಒಯ್ಯುತ್ತಾರೆ. ಅರ್ಥಧಾರಿಗಳು ಆಶುವಾಗಿ ಮಾತು ಬೆಳೆಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯೋ ರಾವಣನೋ ಆಗಿ ಕೂತರೆ ಎದುರಾಳಿ ಅರ್ಥಧಾರಿ ಏನು ಉತ್ತರ ಕೊಟ್ಟಾನೆಂದು ಸಭೆ ಕಾತರದಿಂದ ಕಾಯುತ್ತಿತ್ತು. ಆದರೆ ಎರಡಕ್ಕೂ ಇರುವ ಅಂತರ ಮುಖ್ಯವಾದದ್ದು. ತಾಳಮದ್ದಳೆಯಲ್ಲಿ ವಾಲಿ ಸಾಯುವುದು ಎಲ್ಲರಿಗೂ ಗೊತ್ತು. ಹೇಗೆ ವಾದಿಸಿ ಸಾಯುತ್ತಾನೆ ಎಂಬುದರಲ್ಲಿ ರಸವಿದೆ. ಈ ಆಟದಲ್ಲಿ ಅಂತ್ಯ ಯಾರಿಗೂ ಗೊತ್ತಿಲ್ಲ, ಕೀಪರಿಗೂ ಪೂರ್ತಿ ಗೊತ್ತಿಲ್ಲ. ಇಲ್ಲಿ ಸಭೆಯೂ ಇಲ್ಲ, ಆಡುವವರೇ ಕೇಳುವವರು. ಹಾಗಾಗಿ ಮಾತು ಪಾಂಡಿತ್ಯ ಪ್ರದರ್ಶನಕ್ಕೆ ತಿರುಗುವ ಅಪಾಯ ಕಡಿಮೆ. ಸಪ್ಪೆಯಾಗುವ ಅಪಾಯ ಹೆಚ್ಚು.

ಈ ಆಟ ಭಯವನ್ನು ಹೇಗೆ ಹುಟ್ಟಿಸುತ್ತದೆ? ಭಯಾನಕದ ವಿಭಾವಗಳನ್ನು ಹೇಳುವಾಗ ನಾಟ್ಯಶಾಸ್ತ್ರ ಪಾಳುಮನೆ, ಅರಣ್ಯ, ನರಿ ಮತ್ತು ಗೂಬೆಗಳ ಕೂಗನ್ನು ಹೆಸರಿಸುತ್ತದೆ. 1981ರ ಮೊದಲ ಆವೃತ್ತಿಯಿಂದಲೂ ಇರುವ, ಇಂದು ‘ದಿ ಹಾಂಟಿಂಗ್’ ಎಂದು ಕರೆಯಲಾಗುವ ಪ್ರಸಂಗವೂ ಒಂದು ಪಾಳುಮನೆಯದೇ. ಬಾಸ್ಟನ್ ನಗರದ ಮನೆಮಾಲಿಕನೊಬ್ಬ ತನ್ನ ಮನೆಯಲ್ಲಿ ಬಾಡಿಗೆದಾರರು ಏಕೆ ನಿಲ್ಲುತ್ತಿಲ್ಲವೆಂದು ಪತ್ತೆಮಾಡಲು ಶೋಧಕರನ್ನು ಕಳಿಸುತ್ತಾನೆ. ಜಾಣ ಆಟಗಾರರು ನೇರ ಆ ಮನೆಗೆ ಹೋಗುವುದಿಲ್ಲ. ಪತ್ರಿಕಾ ಕಚೇರಿಯ ಹಳೆಯ ಸಂಚಿಕೆ, ಗ್ರಂಥಾಲಯ, ದಸ್ತಾವೇಜುಗಳ ಕಚೇರಿ, ಹೀಗೆ ಸುತ್ತುತ್ತಾರೆ. ಒಂದೊಂದು ಕಾಗದ ಸಿಕ್ಕಾಗಲೂ ಮನೆ ಇನ್ನಷ್ಟು ಕತ್ತಲಾಗುತ್ತದೆ. ಬಾಗಿಲು ತೆರೆಯುವ ಹೊತ್ತಿಗೆ ಅರ್ಧ ಭಯವನ್ನು ಆಟಗಾರರೇ ಹೊತ್ತು ತಂದಿರುತ್ತಾರೆ. ಈ ತಂತ್ರ ಯಾವುದೇ ಒಳ್ಳೆಯ ಸಣ್ಣಕಥೆಗಾರನಿಗೆ ಒಪ್ಪುವಂಥದು.

ಇದಕ್ಕಿಂತ ಮಿಗಿಲಾದ ಸಾಧನೆ ಚಿತ್ತಸ್ವಾಸ್ಥ್ಯದ ನಿಯಮ. ಪ್ರತಿ ಪಾತ್ರಕ್ಕೂ ದೇಹಬಲದಂತೆ ಬುದ್ಧಿಯ ಸ್ಥಿಮಿತಕ್ಕೂ ಒಂದು ಅಂಕೆಯಿದೆ; ಘೋರವಾದದ್ದನ್ನು ಕಂಡಾಗ ಅದು ಇಳಿಯುತ್ತದೆ. ಒಂದೇ ಪೆಟ್ಟಿಗೆ ಐದು ಅಥವಾ ಹೆಚ್ಚು ಇಳಿದರೆ ಬುದ್ಧಿಶಕ್ತಿಯ ಮೇಲೆ ದಾಳ ಹಾಕಬೇಕು. ಸೋತರೆ ಬದುಕಿಕೊಂಡ: ಕಂಡದ್ದೇನೆಂದು ಮನಸ್ಸು ಗ್ರಹಿಸಲಿಲ್ಲ. ಗೆದ್ದರೆ ಕೆಟ್ಟ: ಪೂರ್ತಿ ಅರ್ಥವಾಯಿತು, ಬುದ್ಧಿ ಕದಡಿತು. ಆ ನಿಷಿದ್ಧ ಲೋಕದ ಜ್ಞಾನ ಹೆಚ್ಚಿದಷ್ಟೂ ಸ್ವಾಸ್ಥ್ಯದ ಗರಿಷ್ಠ ಮಿತಿಯೇ ಶಾಶ್ವತವಾಗಿ ಕುಗ್ಗುತ್ತದೆ. ತಿಳಿಯದೆ ಉಳಿಗಾಲವಿಲ್ಲ, ತಿಳಿದರೆ ಸುಖವಿಲ್ಲ ಎಂಬ ದುರಂತದ ದೃಷ್ಟಿಯನ್ನು ಉಪದೇಶವಿಲ್ಲದೆ ಬರೇ ಲೆಕ್ಕಾಚಾರದಲ್ಲಿ ಹಿಡಿದಿಟ್ಟದ್ದು ನಿಜಕ್ಕೂ ಮೆಚ್ಚತಕ್ಕದ್ದು.

ಇದೇ ನಿಯಮದ ಇನ್ನೊಂದು ಮುಖ ನಮಗೆ ಒಪ್ಪಿಗೆಯಾಗಲಿಲ್ಲ. ಪಾತ್ರಕ್ಕೆ ಯಾವ ಬಗೆಯ ಹುಚ್ಚು ಹಿಡಿಯಿತೆಂದು ಒಂದು ಪಟ್ಟಿಯಿಂದ ದಾಳ ಹಾಕಿ ಆರಿಸಲು ಅವಕಾಶವಿದೆ. ಮನೋರೋಗವನ್ನು ಮನೆಯಲ್ಲಿ ಕಂಡವರು ಯಾರೂ ಇದನ್ನು ನಗುತ್ತ ಓದಲಾರರು. ಭಯವನ್ನು ಇಷ್ಟು ಸೂಕ್ಷ್ಮವಾಗಿ ಕಟ್ಟಿದ ಕೃತಿ ಭಯದ ಪರಿಣಾಮವನ್ನು ಇಷ್ಟು ಒರಟಾಗಿ ಪಟ್ಟಿಮಾಡುವುದು ವಿಚಿತ್ರ. ನಮ್ಮ ಮೇಜಿನಲ್ಲಿ ಆ ಪಟ್ಟಿಯನ್ನು ಮುಚ್ಚಿಟ್ಟು, ಪಾತ್ರ ಏನಾಗುತ್ತದೆಂದು ಆಡುವವರೇ ಯೋಚಿಸಿ ಹೇಳಲಿ ಎಂದೆವು. ಆಟ ಇನ್ನಷ್ಟು ಗಂಭೀರವಾಯಿತು.

ಇನ್ನು ಮೂಲ ಲೇಖಕನ ವಿಷಯ. ಲವ್‌ಕ್ರಾಫ್ಟ್ 1924ರಿಂದ 1926ರವರೆಗೆ ನ್ಯೂಯಾರ್ಕಿನಲ್ಲಿದ್ದ. ಅಲ್ಲಿನ ವಲಸೆಗಾರರ ಬಗ್ಗೆ ಅವನಿಗಿದ್ದ ಅಸಹ್ಯ 1927ರಲ್ಲಿ ಪ್ರಕಟವಾದ ‘ದಿ ಹಾರರ್ ಅಟ್ ರೆಡ್ ಹುಕ್’ ಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಇದೆ. ಬೇರೆ ಭಾಷೆಯಾಡುವ, ಬೇರೆ ದೇವರನ್ನು ಪೂಜಿಸುವ, ಬೇರೆ ಊರಿನಿಂದ ಬಂದು ಓಣಿ ತುಂಬಿದ ಜನರೇ ಅಲ್ಲಿ ಭಯದ ಕಾರಣ. ಈ ವಿಷಯ ನಮಗೆ ಬರೀ ಅಮೆರಿಕದ ಚರ್ಚೆಯಲ್ಲ. ನಾಗಪುರದಲ್ಲಿ ಮನೆಕಟ್ಟಿ ಕೂತ ಕನ್ನಡಿಗರಾದ ನಾವೂ ಯಾರದೋ ಓಣಿಗೆ ಬೇರೆ ಭಾಷೆ ಹೊತ್ತು ಬಂದವರೇ. ಅವನ ಕಥೆಯಲ್ಲಿ ನಮ್ಮ ಜಾಗ ಶೋಧಕರ ಮೇಜಿನಲ್ಲಿಲ್ಲ, ಹೊಂಚುಹಾಕುವ ಗುಂಪಿನಲ್ಲಿದೆ. 1984ರ ಪ್ರಸಿದ್ಧ ಪ್ರಸಂಗಮಾಲೆ ‘ಮಾಸ್ಕ್ಸ್ ಆಫ್ ನ್ಯಾರ್ಲಥೊಟೆಪ್’ ನ್ಯೂಯಾರ್ಕ್, ಲಂಡನ್, ಕೈರೊ, ಕೆನ್ಯಾ, ಶಾಂಘೈಗಳನ್ನು ಸುತ್ತುತ್ತದೆ; ಹೋದಲ್ಲೆಲ್ಲ ಸ್ಥಳೀಯರಲ್ಲಿ ಹಲವರು ರಕ್ತಬಲಿಯ ಪಂಥದವರು. ಪ್ರಕಾಶಕರು 2018ರ ಪರಿಷ್ಕೃತ ಆವೃತ್ತಿಯಲ್ಲಿ ಇದನ್ನು ತಿದ್ದಲು ಪ್ರಯತ್ನಪಟ್ಟಿದ್ದಾರೆ. 2017ರಲ್ಲಿ ಬಂದ ಕ್ರಿಸ್ ಸ್ಪೈವಿಯವರ ‘ಹಾರ್ಲೆಮ್ ಅನ್‌ಬೌಂಡ್’ ಕಪ್ಪು ಜನರನ್ನೇ ಶೋಧಕರನ್ನಾಗಿಸಿ ಹೊಸ ದಾರಿ ತೋರಿಸಿತು. ಆ ದಾರಿ ನಮಗೂ ತೆರೆದಿದೆ.

ಮರಾಠಿ ಈ ಕೆಲಸವನ್ನು ಕಥೆಯಲ್ಲಿ ಎಂದೋ ಮಾಡಿದೆ. ನಾರಾಯಣ ಧಾರಪ (1925-2008) ಲವ್‌ಕ್ರಾಫ್ಟ್, ಸ್ಟೀಫನ್ ಕಿಂಗ್ ಮುಂತಾದವರಿಂದ ಧಾರಾಳವಾಗಿ ಪಡೆದು, ಅದನ್ನು ಮರಾಠಿ ವಾಡೆಗಳಿಗೂ ಮಧ್ಯಮವರ್ಗದ ಸಂಸಾರಗಳಿಗೂ ಒಗ್ಗಿಸಿದರು. 2018ರ ‘ತುಂಬಾಡ್’ ಚಿತ್ರದ ಪ್ರೇರಣೆಗಳಲ್ಲಿ ಅವರ ಕಥೆಯೂ ಒಂದು. ಧಾರಪರ ‘ಸಮರ್ಥ’ ಕಥೆಗಳಲ್ಲಿ ಕೇಡನ್ನು ಎದುರಿಸಿ ನಿಲ್ಲುವ ಒಬ್ಬ ರಕ್ಷಕನಿದ್ದಾನೆ, ಲವ್‌ಕ್ರಾಫ್ಟನಲ್ಲಿ ರಕ್ಷಕನಿಲ್ಲ. ನಾಗಪುರದ ಬೀದಿಯಲ್ಲೂ ಇದೇ ನಂಬಿಕೆ ಕಾಣಬಹುದು. ಪೋಳಾ ಹಬ್ಬದ ಮರುದಿನ ಕಪ್ಪು ಮತ್ತು ಹಳದಿ ಮಾರ್ಬತ್ ಮೂರ್ತಿಗಳನ್ನು ಮೆರವಣಿಗೆಯಲ್ಲಿ ಒಯ್ದು, ಊರಿನ ಪೀಡೆಯೆಲ್ಲ ಅವುಗಳೊಡನೆ ಹೋಗಲೆಂದು ಸುಡುತ್ತಾರೆ. ಭಯಕ್ಕೆ ಒಂದು ಆಕಾರ ಕೊಟ್ಟರೆ ಅದನ್ನು ಊರಾಚೆ ಕಳಿಸಬಹುದೆಂಬ ಈ ಸಾಮೂಹಿಕ ತಿಳಿವು, ಪಾಶ್ಚಾತ್ಯ ಆಟದ ಒಂಟಿ ಹತಾಶೆಗೆ ಒಳ್ಳೆಯ ಎದುರುತ್ತರ.

ಕನ್ನಡದಲ್ಲಿ ಆಡಿದಾಗ ಏನಾಯಿತು? ಮೊದಲ ಅರ್ಧ ತಾಸು ಮಾತು ತಡವರಿಸಿತು. ನಮ್ಮ ತರುಣರ ಕನ್ನಡ ಅಜ್ಜಿಯೊಡನೆ ಊಟದ ಮಾತಿಗೆ ಸಾಲುವಷ್ಟು. ಗೆಳೆಯರೊಡನೆ ಮರಾಠಿ, ಹಿಂದಿ, ಓದಿಗೆ ಇಂಗ್ಲಿಷು. ಆದರೆ ಒಂದು ಘಟ್ಟದಲ್ಲಿ ಭಾಷೆಯೇ ಆಟಕ್ಕೆ ನೆರವಾಯಿತು. ನೆಲಮಾಳಿಗೆಯಲ್ಲಿ ಇರುವವನ ಬಗ್ಗೆ ಅಲ್ಲಿಯತನಕ ‘ಅವನು’, ‘ಸತ್ತನು’, ‘ಹೂತರು’ ಎಂದು ಹೇಳುತ್ತಿದ್ದ ಕೀಪರ್, ಕತ್ತಲಲ್ಲಿ ಸದ್ದಾದಾಗ ‘ಎದ್ದಿತು’ ಎಂದರು. ‘ಅವನು’ ಹೋಗಿ ‘ಅದು’ ಆಯಿತು. ಇಂಗ್ಲಿಷ್ ಪುಸ್ತಕದ ರಾಶಿ ವಿಶೇಷಣಗಳು ಮಾಡಲಾರದ ಕೆಲಸವನ್ನು ನಮ್ಮ ಒಂದು ಕ್ರಿಯಾಪದದ ಪ್ರತ್ಯಯ ಮಾಡಿತು. ಮೇಜಿನ ಸುತ್ತ ಯಾರೂ ಉಸಿರೆತ್ತಲಿಲ್ಲ. ಸಂಘಗಳು ಹೊರನಾಡಿನಲ್ಲಿ ಕನ್ನಡ ತರಗತಿ ನಡೆಸುತ್ತವೆ, ಭಾಷಣಸ್ಪರ್ಧೆ ಏರ್ಪಡಿಸುತ್ತವೆ. ಬಾಯಿಪಾಠವಿಲ್ಲದೆ, ಬಹುಮಾನವಿಲ್ಲದೆ, ನಾಲ್ಕು ತಾಸು ಎಡೆಬಿಡದೆ ತರುಣರು ಕನ್ನಡ ಮಾತಾಡಿದ್ದನ್ನು ನಾವು ಬೇರೆಲ್ಲೂ ಕಂಡಿಲ್ಲ.

ಹಾಗೆಂದು ಬಾಸ್ಟನ್ನಿನ ಮನೆಯಲ್ಲೇ ಎಷ್ಟು ದಿನ ಸುತ್ತುವುದು? ಆಟದ ರೂಢಿಯ ಕಾಲ 1920ರ ದಶಕ. 1920ರ ಡಿಸೆಂಬರಿನಲ್ಲಿ ಇದೇ ನಾಗಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಕರ್ನಾಟಕದಿಂದ ನೂರಾರು ಪ್ರತಿನಿಧಿಗಳು ಬಂದಿದ್ದರು. ಭಾಷಾವಾರು ಪ್ರಾಂತೀಯ ಸಮಿತಿಗಳ ನಿರ್ಣಯವಾಗಿ ಕರ್ನಾಟಕಕ್ಕೆ ತನ್ನದೇ ಸಮಿತಿ ದೊರೆತದ್ದು ಇಲ್ಲಿಯೇ. 1911ರಲ್ಲಿ ಗೋಖಲೆಯವರು ಆರಂಭಿಸಿದ ‘ಹಿತವಾದ’ ಪತ್ರಿಕೆ ಆಗಲೇ ಇತ್ತು, ಹಳೆಯ ಸಂಚಿಕೆ ಹುಡುಕುವ ಶೋಧಕರಿಗೆ ಬೇಕಾದದ್ದೇ. ಧಾರವಾಡದಿಂದ ರೈಲಿಳಿದ ಒಬ್ಬ ಶಾಲಾಮಾಸ್ತರ, ಒಬ್ಬ ವಕೀಲ, ಒಬ್ಬ ಪತ್ರಿಕೋದ್ಯಮಿ ಬಾಡಿಗೆಗೆ ಹಿಡಿದ ಹಳೆಯ ವಾಡೆಯಲ್ಲಿ ರಾತ್ರಿ ಕಳೆಯಬೇಕಾಯಿತೆನ್ನಿ. ಪ್ರಸಂಗ ಅಲ್ಲಿಂದ ತಾನಾಗಿ ಹೊರಡುತ್ತದೆ.

ಕೊನೆಯದಾಗಿ ಸಂಗ್ರಹದ ಚಟದ ಬಗ್ಗೆ. ಈ ಪುಸ್ತಕಗಳು ದುಬಾರಿ, ಹೊರದೇಶದಿಂದ ತರಿಸಬೇಕು, ಹಳೆಯ ಪೆಟ್ಟಿಗೆಗಳಿಗಂತೂ ಬಂಗಾರದ ಬೆಲೆ. ಕೆಲವರು ಕಪಾಟು ತುಂಬಿಸಿ, ಕಟ್ಟು ಬಿಚ್ಚದೆ ಇಟ್ಟು ಹೆಮ್ಮೆಪಡುತ್ತಾರೆ. ಹಳೆಯ ಪ್ರಸಂಗಗಳೊಡನೆ ಬರುವ ಕಾಗದಪತ್ರಗಳ, ಪತ್ರಿಕಾತುಣುಕುಗಳ ಪ್ರತಿಗಳು ನೋಡಲು ಚೆಂದ, ಓದಲೂ ಚೆಂದ. ಓದುವ ಸುಖವನ್ನು ನಾವು ಹೀಗಳೆಯುವುದಿಲ್ಲ. ಆದರೆ ಯಕ್ಷಗಾನದ ಪ್ರಸಂಗಪುಸ್ತಕಗಳನ್ನು ರಾಶಿ ಹಾಕಿಕೊಂಡು ಒಂದು ಕೂಟವನ್ನೂ ಕೇಳದವನಿಗೆ ಅರ್ಥಗಾರಿಕೆಯ ರುಚಿ ತಿಳಿದೀತೆ? ಆರಂಭಕ್ಕೆ ಬೇಕಾದ ನಿಯಮಗಳೂ ‘ದಿ ಹಾಂಟಿಂಗ್’ ಪ್ರಸಂಗವೂ ಪ್ರಕಾಶಕರಿಂದಲೇ ಉಚಿತವಾಗಿ ದೊರೆಯುತ್ತವೆ. ಎರಡು ದಾಳ, ನಾಲ್ವರು ಗೆಳೆಯರು, ಒಂದು ಸಂಜೆ ಸಾಕು.

ಒಟ್ಟಿನಲ್ಲಿ ‘ಕಾಲ್ ಆಫ್ ಕ್ಥುಲು’ ದೋಷಗಳಿದ್ದೂ ಗಟ್ಟಿಯಾದ ಕೃತಿ. ಅದರ ಜ್ಞಾನದ ನಿಯಮವನ್ನು ಇಟ್ಟುಕೊಂಡು, ಹುಚ್ಚಿನ ಪಟ್ಟಿಯನ್ನೂ ಪರಕೀಯರ ಮೇಲಿನ ಅಸಹ್ಯವನ್ನೂ ಬಿಟ್ಟು, ಕನ್ನಡದಲ್ಲಿ ಆಡುವುದು ಸಾಧ್ಯವೆಂದು ನಾವು ಕಂಡಿದ್ದೇವೆ. ನಾಗಪುರದ 1920ರ ಪ್ರಸಂಗವನ್ನು ಬರೆಯಲು ಯಾರಾದರೂ ಮುಂದಾದರೆ, ಆಡಲು ನಮ್ಮ ಮನೆಯ ಮೇಜು ಸಿದ್ಧವಿದೆ.