ಸಿಬಿಲ್ ಸಂದೇಶ ಯಾರ ಫೋನಿಗೆ?

ನಿಮ್ಮ ಸಾಲದ ವರದಿಯನ್ನು ಯಾವುದಾದರೂ ಬ್ಯಾಂಕು, ಫೈನಾನ್ಸು ತೆಗೆದು ನೋಡಿದರೆ ನಿಮ್ಮ ಮೊಬೈಲಿಗೆ ಸಂದೇಶ ಬರಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಆದೇಶಿಸಿತು. ಆರು ತಿಂಗಳ ನಂತರ ಜಾರಿಗೆ ಬಂತು. ಬೇರೆಯವರ ಹೆಸರಲ್ಲಿ ಸಾಲ ಎತ್ತುವವರಿಗೆ ಇನ್ನು ಕಡಿವಾಣ ಬಿತ್ತೆಂದು ಹಣಕಾಸು ಅಂಕಣಕಾರರು ಹೊಗಳಿದ್ದೇ ಹೊಗಳಿದ್ದು. ನನಗಂತೂ ಇದು ಬೀಗ ಕೇಳಿದವನ ಕೈಗೆ ಗಂಟೆ ಕೊಟ್ಟಂತೆ ಕಾಣುತ್ತದೆ.

ಆದೇಶದ ಒಂದೇ ಒಂದು ಷರತ್ತು ಸಾಕು: ಮೊಬೈಲ್ ನಂಬರ್ ಅಥವಾ ಇಮೇಲ್ ಲಭ್ಯವಿದ್ದಲ್ಲಿ ಸಂದೇಶ. ಲಭ್ಯ ಎಲ್ಲಿ? ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ, ಈ ವರದಿ ತಯಾರಿಸುವ ನಾಲ್ಕು ಕಂಪನಿಗಳ ಕಡತದಲ್ಲಿ. ಅವರಿಗೆ ನಂಬರ್ ಕೊಡುವುದು ಸಾಲ ಕೊಟ್ಟವರು. ಸಾಲ ಕೊಟ್ಟವರಿಗೆ ಕೊಟ್ಟದ್ದು ಅರ್ಜಿ ತುಂಬಿದವನು. ಇಂಡಿ ಊರಿನ ನಿಂಬೆ ಬೆಳೆಗಾರನ ಆಧಾರ್, ಪ್ಯಾನ್ ಝೆರಾಕ್ಸ್ ಹಿಡಿದು ಇನ್ನೊಬ್ಬ ಸಾಲ ಎತ್ತಿದನೆನ್ನಿ. ಅರ್ಜಿಯಲ್ಲಿ ಅವನು ಬರೆಯುವುದು ತನ್ನ ನಂಬರನ್ನೇ. ಬೆಳೆಗಾರನ ಕಡತಕ್ಕೆ ಕಳ್ಳನ ನಂಬರ್ ಸೇರಿತು. ಮುಂದಿನ ಎಚ್ಚರಿಕೆ ಕಳ್ಳನಿಗೇ ಹೋದರೂ ಹೋಯಿತು. ಸಿಂದಗಿ, ಮುದ್ದೇಬಿಹಾಳದ ಕಡೆ ಸಂಘದ ಸಾಲ ತಗೊಳ್ಳುವ ಹೆಣ್ಣುಮಗಳು ಬರೆಸಿದ್ದು ಮಗನ ನಂಬರಾಗಿದ್ದು, ಮಗ ಗೋವಾಕ್ಕೆ ದುಡಿಯಲು ಹೋಗಿದ್ದರೆ ಸಂದೇಶವೂ ಗೋವಾಕ್ಕೆ. ತಲುಪಿದರೂ ವರದಿ ಆಗಲೇ ಹೊರಗೆ ಹೋಗಿದೆ, ಸಂದೇಶ ಅದನ್ನು ತಡೆಯಲಾರದು. ದೂರು ಕೊಡಬೇಕು, 30 ದಿನ ಕಾಯಬೇಕು. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಪರಿಹಾರದ ಮಾತು ಒಳ್ಳೆಯದೇ, ತಕರಾರಿಲ್ಲ.

ಅಮೆರಿಕದಲ್ಲಿ 2017ರಲ್ಲಿ ಇದೇ ಈಕ್ವಿಫ್ಯಾಕ್ಸ್‌ನಿಂದ 14 ಕೋಟಿಗೂ ಹೆಚ್ಚು ಜನರ ಮಾಹಿತಿ ಸೋರಿತು. ಮರುವರ್ಷದ ಸೆಪ್ಟೆಂಬರಿನಿಂದ ವರದಿಗೆ ಬೀಗ ಹಾಕಿಸುವುದು ಅಲ್ಲಿ ಪುಕ್ಕಟೆ. ಬೀಗವಿರುವ ತನಕ ಸಾಲ ಕೊಡುವ ಹೊಸ ಸಂಸ್ಥೆಗೆ ವರದಿ ಸಿಗದು. ಫೋನಿನಲ್ಲೋ ಆನ್‌ಲೈನಿನಲ್ಲೋ ಕೇಳಿದರೆ ಒಂದು ಗಂಟೆಯೊಳಗೆ ತೆಗೆದುಕೊಡಬೇಕು. ನಮ್ಮ 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯಲ್ಲಿ ಈ ಹಕ್ಕಿಲ್ಲ.

ಇಂಥ ಬೀಗ ಇಲ್ಲಿ ಬೇಡವೆನ್ನುವವರು ರೈತನನ್ನು ಮುಂದೆ ಮಾಡುತ್ತಾರೆ: ಮುಂಗಾರಿನ ಬೆಳೆಸಾಲದ ಹೊತ್ತಿಗೆ ಬೀಗ ತೆಗೆಸಲು ಅವನು ಅಲೆಯಬೇಕಂತೆ. ಉತಾರ, ಬೇಬಾಕಿ ಪತ್ರ ಅಂತ ಬಸವನಬಾಗೇವಾಡಿಗೆ ದಿನಗಟ್ಟಲೆ ತಿರುಗುವವನಿಗೆ ಒಂದು ಗಂಟೆ ಭಾರವೇ? ಇದೇ ಮಹನೀಯರು ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ ಎಂದು ಉಪದೇಶಿಸುವಾಗ ಅವನ ಅಲೆದಾಟ ನೆನಪಾಗುವುದಿಲ್ಲ. 2023ರಲ್ಲಿ ಮಂಗಳೂರಿನ ಕಡೆ ನೋಂದಣಿ ಪತ್ರಗಳ ಹೆಬ್ಬೆಟ್ಟು ನಕಲಿಸಿ ಖಾತೆ ದೋಚಿದ ಪ್ರಕರಣಗಳು ಬಂದವಲ್ಲ, ಅಂಥದ್ದಕ್ಕೆ ಆ ಲಾಕ್ ತಕ್ಕ ಮದ್ದು. ಆದರೆ ರೇಷನ್ ಅಂಗಡಿಯ ಥಂಬಿಗೂ ಅದೇ ಬೀಗ. ತಾತ್ಕಾಲಿಕವಾಗಿ ತೆಗೆದರೆ 10 ನಿಮಿಷ, ಅಷ್ಟರಲ್ಲಿ ಸರ್ವರ್ ಕೈಕೊಟ್ಟರೆ ಮತ್ತೆ ಮೊದಲಿಂದ. ಝೆರಾಕ್ಸ್ ಮೇಲೆ ಎದ್ದ ಸಾಲವನ್ನು ಅದು ತಡೆಯುವುದೂ ಇಲ್ಲ.

ಬಡ್ಡಿ ವ್ಯವಹಾರದವರು ಸಿಬಿಲ್ ನೋಡುವುದಿಲ್ಲ, ಅವರಿಗೆ ಯಾವ ಬೀಗವೂ ತಾಗದು. ಉಳಿದವರ ಮಟ್ಟಿಗೆ, ಕಾಯ್ದೆ ತಿದ್ದುವವರೆಗೆ ಕೈಯಲ್ಲಿರುವುದು ಒಂದೊಂದು ಕಂಪನಿಯೂ ವರ್ಷಕ್ಕೊಮ್ಮೆ ಪುಕ್ಕಟೆ ಕೊಡಬೇಕಾದ ಪೂರ್ಣ ವರದಿ. ಅದರಲ್ಲಿ ಎಲ್ಲರೂ ಅಂಕ ನೋಡುತ್ತಾರೆ. ಮೊದಲು ನೋಡಬೇಕಾದ್ದು ಫೋನ್ ನಂಬರಿನ ಕಾಲಂ, ನಾಲ್ಕೂ ಕಡೆ.