ಐದನೆಯ ನಿಂಬೆಹಣ್ಣು

ನವರಾತ್ರಿ ಹತ್ತಿರ ಬಂತೆಂದರೆ ಒಂದು ಬಗೆಯ ಲೇಖನ ತಪ್ಪದೆ ಬರುತ್ತದೆ. ಆಯುಧಪೂಜೆ ಮೂಢನಂಬಿಕೆಯಲ್ಲ, ವರ್ಷಕ್ಕೊಮ್ಮೆಯಾದರೂ ಸಲಕರಣೆಗಳನ್ನು ತೊಳೆದು, ಒರೆಸಿ, ಎಣ್ಣೆ ಬಿಟ್ಟು ನೋಡಿಕೊಳ್ಳಲಿ ಎಂದು ಹಿರಿಯರು ಮಾಡಿಟ್ಟ ಏರ್ಪಾಡು. ಕಂಪನಿಯ ಸರ್ವೀಸ್ ಪುಸ್ತಕ ಹುಟ್ಟುವ ಮೊದಲೇ ನಮ್ಮಲ್ಲಿ ಸರ್ವೀಸಿಂಗ್ ಇತ್ತು ಎಂಬುದು ಅದರ ಸಾರ. ಹೊಸಪೇಟೆಯವರ ಕಿವಿಗೆ ಇದು ಇನ್ನೂ ಹಿತ. ಹದಿಮೂರು ಕಿಲೋಮೀಟರ್ ಹೋದರೆ ಮಹಾನವಮಿ ದಿಬ್ಬವೇ ಇದೆಯಲ್ಲ! ನಾನೂ ಕೆಲವು ವರ್ಷ ಇದನ್ನು ನಂಬಿದ್ದೆ, ಸಿಕ್ಕವರಿಗೆಲ್ಲ ಹೇಳಿಯೂ ಇದ್ದೆ. ಈಗ ನಂಬುವುದಿಲ್ಲ. ಗಾಡಿಯ ಪಾಲನೆ ಎಂಬ ಕಣ್ಣಿನಿಂದ ನೋಡಿದರೆ ನಮ್ಮ ವಾಹನಪೂಜೆ ಸೋತ ಕೃತಿ. ಅದು ಸೋತದ್ದು ಎಲ್ಲಿ ಎಂಬುದನ್ನು ಮಾತ್ರ ಹೊಗಳುವವರೂ ಹುಡುಕಿಲ್ಲ, ನಗುವವರೂ ಹುಡುಕಿಲ್ಲ.

ಹೆಚ್ಚು ಮಾತು ಬೇಡದ ಭಾಗವನ್ನು ಮೊದಲು ಮುಗಿಸುತ್ತೇನೆ. ಹೆಡ್‌ಲೈಟಿಗೆ ಅಡ್ಡ ಕಟ್ಟಿದ ಬಾಳೆಕಂದು, ಗಾಜಿನ ಮೇಲೆ ಚಾಲಕನ ಕಣ್ಣಿನ ನೇರಕ್ಕೇ ಬರುವ ಕುಂಕುಮ, ನಾಲ್ಕು ರಸ್ತೆ ಕೂಡುವಲ್ಲಿ ಒಡೆದ ಬೂದುಗುಂಬಳ, ಅದರ ತಿರುಳಿನ ಮೇಲೆ ಜಾರುವ ಬೈಕು. ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ. ಹಿಂದಿನ ದಿನದ ‘ವಾಟರ್ ಸರ್ವೀಸ್’ ಸಾಲಿನ ಬಗ್ಗೆ ಮಾತ್ರ ಒಂದು ಮಾತು. ಬಾನೆಟ್ ಎತ್ತಿ, ಪ್ರೆಷರ್ ಪಂಪಿನಿಂದ ವೈರಿಂಗಿನ ಕೀಲುಕೀಲಿಗೂ ನೀರು ನುಗ್ಗಿಸಿ, ತಳಕ್ಕೆಲ್ಲ ಡೀಸೆಲ್ ಬೆರೆಸಿದ ಎಣ್ಣೆ ಹೊಡೆದು ಕಳಿಸುತ್ತಾರೆ. ಆ ಎಣ್ಣೆ ತಳದ ರಬ್ಬರ್ ಬುಷ್‌ಗಳನ್ನು ಮೆತ್ತಗೆ ಮಾಡಿ ಕೆಡಿಸುತ್ತದೆ. ಹೊಳೆಯುವುದು ಮಾತ್ರ ಕಾಣುತ್ತದೆ. ಹೀಗೆ ತೊಳೆಸಿಕೊಂಡು ಬಂದ ಒಂದು ವರ್ಷ ನನ್ನ ಗಾಡಿಯ ಎಡಗಡೆಯ ಹೆಡ್‌ಲೈಟ್ ಹೋಯಿತು. ಗೊತ್ತಾದದ್ದು ಊರ ಪಕ್ಕದ ಹೆದ್ದಾರಿ ಸುರಂಗಕ್ಕೆ ನುಗ್ಗಿದ ಮೇಲೆ. ಬಿಸಿಲಿನಿಂದ ಒಳಗೆ ಹೋದ ಕಣ್ಣು ಕತ್ತಲಿಗೆ ಒಗ್ಗಲು ಒಂದೆರಡು ಕ್ಷಣ ಬೇಕು. ಹಿಂದಿನ ದೀಪವಿಲ್ಲದ ಲಾರಿ ಆ ಒಂದೆರಡು ಕ್ಷಣದಲ್ಲೇ ಎದುರಿಗಿರುತ್ತದೆ.

ಇರಲಿ. ಹೊಗಳುವವರು ಮತ್ತೆ ಮತ್ತೆ ಎಳೆದು ತರುವ ಸಾಕ್ಷಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್. 1520ರ ಸುಮಾರಿಗೆ ಆತ ಕೃಷ್ಣದೇವರಾಯನ ಕಾಲದ ಮಹಾನವಮಿಯನ್ನು ಕಂಡು ಬರೆದ. ರಾಬರ್ಟ್ ಸೀವೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ಅರಸ ಬುಟ್ಟಿಯಿಂದ ಬಿಳಿ ಗುಲಾಬಿಗಳನ್ನು ತೆಗೆದು ಕುದುರೆಗಳತ್ತ ಎರಚುತ್ತಾನೆ, ಅವಕ್ಕೆ ಧೂಪ ಹಿಡಿದಂತೆ ಮಾಡುತ್ತಾನೆ, ಆನೆಗಳಿಗೂ ಹಾಗೆಯೇ. ಕಾರಿಗೆ ಹೂವು, ಕಾರಿಗೆ ಊದುಬತ್ತಿ. ಪರಂಪರೆ ಸಿಕ್ಕಿತು ಎಂದು ಪುಸ್ತಕ ಮುಚ್ಚುತ್ತಾರೆ. ಇನ್ನು ಕೆಲವು ಪುಟ ಓದುವ ತಾಳ್ಮೆ ಇಲ್ಲ. ಒಂಬತ್ತು ದಿನ ಮುಗಿದ ಮೇಲೆ ಅರಸ ಊರಿಂದ ಒಂದು ಹರಿದಾರಿ ಆಚೆ ಡೇರೆ ಹಾಕಿಸಿ ತನ್ನ ಇಡೀ ದಂಡನ್ನು ನಿಲ್ಲಿಸಿ ನೋಡಿದ ಸಂಗತಿಯನ್ನೂ ಪೇಸ್ ಬರೆದಿದ್ದಾನೆ. ಪೂಜೆಯ ಬೆನ್ನಿಗೆ ತಪಾಸಣೆಯಿತ್ತು. ನಾವು ಗುಲಾಬಿ ಉಳಿಸಿಕೊಂಡೆವು, ಡೇರೆ ಬಿಚ್ಚಿದೆವು.

ಇದಕ್ಕಿಂತ ದೊಡ್ಡ ತಪ್ಪು ಪಂಚಾಂಗದ್ದು. ಮಹಾನವಮಿ ಆಶ್ವಯುಜದಲ್ಲಿ ಬರುವುದು ದಂಡಿಗೆ ಸರಿ. ಮಳೆ ಹಿಂದೆ ಸರಿದು, ಹೊಳೆ ಇಳಿದು, ಹಾದಿ ಒಣಗಿದ ಮೇಲೆ ದಂಡು ಹೊರಡಬೇಕು; ಹೊರಡುವ ಮುನ್ನ ಕುದುರೆ, ಆನೆ, ಆಯುಧ ನೋಡಿಕೊಳ್ಳಬೇಕು. ನಮ್ಮ ಕಾರಿನ ಕಷ್ಟಕಾಲ ಆ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ. ಸಂಡೂರಿನ ದಾರಿಯಲ್ಲಿ ಬೇಸಿಗೆಯಿಡೀ ಅದಿರು ಲಾರಿ ಎಬ್ಬಿಸಿದ ಕೆಂಪು ಧೂಳು, ಲಾರಿ ಚೆಲ್ಲಿದ ಎಣ್ಣೆ, ಎರಡೂ ಮೊದಲ ಮಳೆಗೆ ಕಲೆತು ರಸ್ತೆ ಸಾರಿಸಿದ ಹಾಗಾಗುವುದು ಜೂನಿನಲ್ಲಿ. ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ವರ್ಷ ಕಂಪ್ಲಿಯ ಹಳೆಯ ಸೇತುವೆ ಮುಳುಗಿ ಗಂಗಾವತಿಯ ದಾರಿ ಮುಚ್ಚುವುದು ಸಾಮಾನ್ಯವಾಗಿ ಜುಲೈ, ಆಗಸ್ಟ್‌ನಲ್ಲಿ. ಹರಿಯುವ ನೀರು ಒಂದಡಿ ಇದ್ದರೆ ಸಣ್ಣ ಕಾರು ತೇಲುತ್ತದೆ, ಎರಡಡಿಗೆ ಬಹುತೇಕ ಯಾವ ಗಾಡಿಯೂ ನಿಲ್ಲದು. ಆದರೂ ‘ನಮ್ಮ ಗಾಡಿ ಎತ್ತರ ಐತಿ’ ಎನ್ನುತ್ತ ಸೇತುವೆಯ ತುದಿಗೆ ಬಂದು ನಿಲ್ಲುವವರನ್ನು ನೋಡಿದ್ದೇನೆ. ಬುಕ್ಕಸಾಗರ–ಕಡೆಬಾಗಿಲು ಸೇತುವೆಯ ಸುತ್ತುದಾರಿ ಅವರಿಗೆ ಅವಮಾನ.

ಒಂಬತ್ತು ತಿಂಗಳು ಬಿಸಿಲಿಗೆ ಒಣಗಿ ಗಟ್ಟಿಯಾದ ವೈಪರ್ ರಬ್ಬರನ್ನು ಮಳೆಯೆಲ್ಲ ಮುಗಿಯುತ್ತ ಬಂದಾಗ ಒರೆಸಿ ಕುಂಕುಮ ಇಡುವುದರಲ್ಲಿ ಏನು ವಿವೇಕವಿದೆ? ನಮ್ಮ ನೆಲದಲ್ಲಿ ಸರಿಯಾದ ದಿನ ಇತ್ತು. ಅದು ಕಾರಹುಣ್ಣಿಮೆ. ಬಿತ್ತನೆ ಬಿರುಸಾಗುವ ಹೊತ್ತಿಗೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಗೊಟ್ಟದಲ್ಲಿ ಎಣ್ಣೆ ಕುಡಿಸಿ, ಸಂಜೆ ಕರಿ ಹರಿಸಿ ಓಡಿಸುತ್ತಾರೆ. ಕುಂಟುವ ಎತ್ತು ಆ ಓಟದಲ್ಲಿ ಊರೆಲ್ಲರ ಕಣ್ಣಿಗೆ ಬೀಳುತ್ತದೆ. ಹಬ್ಬದೊಳಗೇ ಪರೀಕ್ಷೆ ಇದೆ, ಅದೂ ದುಡಿಮೆಯ ಬಾಗಿಲಲ್ಲಿ. ಎತ್ತಿನ ಜಾಗಕ್ಕೆ ಬಂದ ಗಾಡಿ ಎತ್ತಿನ ಹಬ್ಬವನ್ನು ಬಿಟ್ಟು ಅರಸನ ಕುದುರೆಯ ಹಬ್ಬ ಹಿಡಿಯಿತು. ಪ್ರತಿಷ್ಠೆಗೆ ಅದು ಒಳ್ಳೆಯದು, ಬ್ರೇಕಿಗೆ ಅಲ್ಲ.

ಇಷ್ಟು ಹೇಳಿದ ಮೇಲೂ ಈ ಪೂಜೆಯ ಒಂದು ಘಳಿಗೆ ನನ್ನನ್ನು ಕಾಡುತ್ತದೆ. ನಿಂಬೆಹಣ್ಣಿನದು. ನಗುವವರೆಲ್ಲ ನಗುವುದು ಅದಕ್ಕೇ, ಆದ್ದರಿಂದ ನಿಧಾನವಾಗಿ ನೋಡೋಣ. ಒಡೆಯ ನಾಲ್ಕು ಹಣ್ಣು ಹಿಡಿದು ಗಾಡಿಯ ಸುತ್ತ ಬರುತ್ತಾನೆ. ಸರ್ವೀಸಿಗೆ ಬಿಟ್ಟಾಗಲೂ, ಪೆಟ್ರೋಲ್ ಬಂಕಿನಲ್ಲಿ ನಿಂತಾಗಲೂ ಅವನು ಹೀಗೆ ಸುತ್ತು ಹಾಕುವುದಿಲ್ಲ. ಒಂದೊಂದು ಚಕ್ರದ ಮುಂದೆಯೂ ಕುಕ್ಕರಗಾಲಲ್ಲಿ ಕೂರುತ್ತಾನೆ. ಮೂವತ್ತು ಸಾವಿರ ಕಿಲೋಮೀಟರ್ ಓಡಿಸಿದವನು ತನ್ನ ಟೈರಿನ ಮುಖವನ್ನು ಮೊಳದ ಅಂತರದಿಂದ ಕಾಣುವುದು ಬಹುಶಃ ಅದೊಂದೇ ಸಲ. ಅಲ್ಲಿ ಅವನಿಗೆ ಏನೆಲ್ಲ ಕಾಣಬಹುದು! ಗೀರುಗಳ ನಡುವೆ ಅಡ್ಡ ಎದ್ದಿರುವ ಸಣ್ಣ ದಿಂಡು. ಟೈರು ಸವೆದು ಅದರ ಮಟ್ಟಕ್ಕೆ ಬಂದರೆ ಉಳಿದಿರುವ ಆಳ 1.6 ಮಿಲಿಮೀಟರ್, ಟೈರಿನ ಆಯುಸ್ಸು ಮುಗಿದಂತೆ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ, ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರ ಹುಟ್ಟಿದ ಟೈರು. ಕೂದಲೆಳೆ ಬಿರುಕು, ಸಿಕ್ಕಿಕೊಂಡ ಮೊಳೆ, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟಿನ ದೂರು. ಎಲ್ಲವೂ ಕಣ್ಣೆದುರಿಗೇ ಇದೆ. ಅವನು ನೋಡುವುದು ಹಣ್ಣು ಉರುಳದೆ ಕೂತಿದೆಯೇ ಎಂಬುದನ್ನು.

ಆಮೇಲೆ ಒಳಗೆ ಕೂತು ಗಾಡಿಯನ್ನು ತೆವಳಿಸುತ್ತಾನೆ. ಕಿಟಕಿ ಇಳಿಸಿರುತ್ತದೆ, ಹಾಡು ಬಂದ್ ಆಗಿರುತ್ತದೆ, ಮನೆಮಂದಿ ಸುಮ್ಮನಿರುತ್ತಾರೆ. ಪಚ್ ಎಂದು ಹಣ್ಣು ಒಡೆದ ಸದ್ದು ಕೇಳಿಸಬೇಕಲ್ಲ. ಮೂರಡಿ ಹೋಗಿ ಬ್ರೇಕ್ ಒತ್ತುತ್ತಾನೆ. ನಿಧಾನಕ್ಕೆ ಹೊರಟು, ಕಿವಿಗೊಟ್ಟು, ತಟ್ಟನೆ ನಿಲ್ಲಿಸುವುದು. ಒಳ್ಳೆಯ ಮೇಸ್ತ್ರಿ ಬ್ರೇಕ್ ನೋಡುವುದೂ ಇದೇ ಕ್ರಮದಲ್ಲಿ. ಪೆಡಲ್ ಎಷ್ಟು ಕೆಳಗಿಳಿಯಿತು, ಸ್ಪಂಜಿನ ಹಾಗಿದೆಯೇ, ಗಾಡಿ ಒಂದು ಕಡೆಗೆ ಎಳೆಯಿತೇ? ಪರೀಕ್ಷೆಯ ಆಕಾರವೆಲ್ಲ ಅಲ್ಲಿದೆ, ಪರೀಕ್ಷಕನಿಲ್ಲ. ಹೊಗಳುವವರು ಇದನ್ನು ಕಂಡಿದ್ದರೆ ಅವರ ವಾದಕ್ಕೆ ಒಂದು ಕಾಲಾದರೂ ಸಿಗುತ್ತಿತ್ತು. ಅವರು ನಿಂಬೆಯ ‘ಸಾಂಕೇತಿಕತೆ’ಯ ಮೇಲೆ ಎರಡು ಪ್ಯಾರಾ ಬರೆದು ಹೊರಟುಹೋಗುತ್ತಾರೆ.

ಹಣ್ಣು ನಾಲ್ಕು ಎಂದೆ. ಟೈರು ಐದು. ಸ್ಟೆಪ್ನಿಗೆ ನಿಂಬೆಹಣ್ಣಿಲ್ಲ, ಕುಂಕುಮವಿಲ್ಲ, ಗಾಳಿಯೂ ಇಲ್ಲ. ಸಂಡೂರಿನಿಂದ ಕುಮಾರಸ್ವಾಮಿ ಬೆಟ್ಟಕ್ಕೆ ಹತ್ತುವ ದಾರಿಯಲ್ಲಿ ಒಮ್ಮೆ ಮುಂದಿನ ಟೈರು ಕುಳಿತಾಗ ಡಿಕ್ಕಿಯ ಚಾಪೆ ಎತ್ತಿ ನೋಡಿದೆ. ಸ್ಟೆಪ್ನಿ ನನಗಿಂತ ಮೊದಲೇ ಕುಳಿತಿತ್ತು.

ಈ ಸೀಮೆಯಲ್ಲಿ ನಿಜವಾದ ಪಾಲನೆಯ ಪರಂಪರೆ ಯಾವುದು ಎಂದು ಕೇಳಿದರೆ ನಾನು ಲಾರಿ ಕ್ಲೀನರ್‌ನನ್ನು ತೋರಿಸುತ್ತೇನೆ. ಅವನ ಮೇಲೆ ಯಾರೂ ಲೇಖನ ಬರೆದದ್ದು ನಾನು ಕಂಡಿಲ್ಲ. ಚಹಾಕ್ಕೆ ನಿಲ್ಲಿಸಿದಾಗ ಕೆಳಗಿಳಿದು ಕಬ್ಬಿಣದ ರಾಡಿನಿಂದ ಒಂದೊಂದೇ ಟೈರಿಗೆ ಬಡಿಯುತ್ತಾ ಬರುತ್ತಾನೆ. ಲಾರಿಯ ಹಿಂದಿನ ಜೋಡಿಯಲ್ಲಿ ಒಳಗಿನ ಟೈರು ಕಣ್ಣಿಗೆ ಕಾಣದು. ಗಾಳಿ ಹೋಗಿದ್ದರೂ ಹೊರಗಿನದು ಭಾರ ಹೊತ್ತು ಮರೆಮಾಡುತ್ತದೆ, ಒಳಗಿನದು ಕಾದು ಕಾದು ಬೆಂಕಿ ಹತ್ತುವುದೂ ಉಂಟು. ಗಾಳಿ ತುಂಬಿದ್ದರೆ ರಾಡು ಪುಟಿದು ಟಣ್ ಎನ್ನುತ್ತದೆ, ಇಲ್ಲವಾದರೆ ಧಬ್. ದಿನಕ್ಕೆ ನಾಲ್ಕಾರು ಸಲ ನಡೆಯುವ ಈ ಸುತ್ತಿಗೆ ಮುಹೂರ್ತವಿಲ್ಲ, ಹೂವಿಲ್ಲ. ಟಿಪ್ಪರುಗಳಲ್ಲಿ ಈಗ ಚಾಲಕನೊಬ್ಬನೇ ಇರುವುದು ಹೆಚ್ಚು. ಆ ಸದ್ದು ಕಡಿಮೆಯಾಗಿದೆ.

ಇನ್ನು ನಗುವ ಗೆಳೆಯರ ಸರದಿ. ಅವರ ಮೇಲೆ ನನ್ನ ಸಿಟ್ಟು ಸ್ವಲ್ಪ ಹೆಚ್ಚು, ಏಕೆಂದರೆ ಅವರು ನಮ್ಮವರು. ನಿಂಬೆಹಣ್ಣು ಕಂಡರೆ ಅವರಿಗೆ ಕೆಮ್ಮು ಬರುತ್ತದೆ. ‘ನಾನು ಕಂಪನಿ ಹೇಳಿದಂತೆ ಹತ್ತು ಸಾವಿರಕ್ಕೊಮ್ಮೆ ಸರ್ವೀಸ್ ಮಾಡಿಸ್ತೀನಿ, ಸ್ಟಾಂಪು ನೋಡ್ರಿ’ ಎಂದು ಪುಸ್ತಕ ತೆಗೆದು ತೋರಿಸುತ್ತಾರೆ. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಮಾತಿರುತ್ತದೆ: ಧೂಳಿನ ದಾರಿ, ಕಡುಬಿಸಿಲು, ಪದೇ ಪದೇ ಸಣ್ಣ ಓಡಾಟ ಇದ್ದರೆ ಈ ಲೆಕ್ಕ ನಿಮಗಲ್ಲ, ಇನ್ನೂ ಬೇಗ ನೋಡಿ. ತೋರಣಗಲ್ಲು, ದೋಣಿಮಲೈ, ಯಶವಂತನಗರ ಎಂದು ಓಡಾಡುವವನಿಗೆ ಸಾಮಾನ್ಯ ಪರಿಸ್ಥಿತಿ ಎಂಬುದು ಎಲ್ಲಿದೆ? ಅವನ ಏರ್‌ಫಿಲ್ಟರಿನ ಮಡಿಕೆಗಳು ಹತ್ತು ಸಾವಿರಕ್ಕೆ ಕಾಯದೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತವೆ. ಅವನೇನು ಮಾಡುತ್ತಾನೆ? ಪಂಕ್ಚರ್ ಅಂಗಡಿಯಲ್ಲಿ ಅದಕ್ಕೆ ಗಾಳಿ ಹೊಡೆಸುತ್ತಾನೆ. ಹೊರಗಿನಿಂದ ಒಳಕ್ಕೆ, ಪೂರ್ತಿ ಜೋರಿನಲ್ಲಿ. ಮೇಲಿನ ಧೂಳು ಹಾರುತ್ತದೆ, ನುಣುಪಿನದು ಕಾಗದದೊಳಕ್ಕೆ ಇಳಿಯುತ್ತದೆ, ಕಾಗದ ಸೂಜಿಮೊನೆಯಷ್ಟು ಹರಿದರೂ ಅದಿರಿನ ಹುಡಿ ನೇರ ಎಂಜಿನ್ನಿಗೆ. ಮಾಡಲೇಬೇಕೆಂದರೆ ಒಳಗಿನಿಂದ ಹೊರಕ್ಕೆ, ಮೆಲ್ಲಗೆ. ಹೊಸದು ಹಾಕುವುದು ಅದಕ್ಕಿಂತ ಮೇಲು. ಆ ಕೆಂಪು ಮೋಡ ಹಾರುವುದನ್ನು ನೋಡುವಾಗ ನನ್ನ ವಿಚಾರವಾದಿ ಗೆಳೆಯರ ಮುಖದಲ್ಲಿ ಮೂಡುವ ತೃಪ್ತಿ ಮಂಗಳಾರತಿಯ ತೃಪ್ತಿಯೇ.

ಅದೇ ಅಂಗಡಿಯ ಇನ್ನೊಂದು ಮಂತ್ರವನ್ನೂ ಅವರು ಪ್ರಶ್ನಿಸಿಲ್ಲ. ‘ಬಿಸ್ಲು ಜಾಸ್ತಿ ಐತಿ ಸರ, ಎರಡು ಪಾಯಿಂಟ್ ಕಮ್ಮಿ ಇರ್ಲಿ.’ ನಿಜ ಇದಕ್ಕೆ ಉಲ್ಟಾ. ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಹೆಚ್ಚು ಮಡಚಿ, ಹೆಚ್ಚು ಕಾದು, ನಲವತ್ತು ಡಿಗ್ರಿಯ ಮಧ್ಯಾಹ್ನ ಹೆದ್ದಾರಿಯಲ್ಲಿ ಸಿಡಿಯುತ್ತವೆ. ಬಾಗಿಲ ಕಂಬದ ಚೀಟಿಯಲ್ಲಿ ಬರೆದಷ್ಟೇ ಗಾಳಿ ಬೇಕು, ಅದೂ ಗಾಡಿ ಓಡಿ ಬಿಸಿಯಾಗುವ ಮೊದಲು. ಸ್ಟಾಂಪು ಬಿದ್ದಿದೆ ಎಂದು ಬಾನೆಟ್ ಎತ್ತದವನಿಗೂ ಹಾರ ಬಿದ್ದಿದೆ ಎಂದು ಎತ್ತದವನಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಎರಡನೆಯವನು ಕಡೇಪಕ್ಷ ಕುಕ್ಕರಗಾಲಲ್ಲಿ ಕೂತಿರುತ್ತಾನೆ.

ದೊಡ್ಡದರಲ್ಲೂ ನಮ್ಮ ಕಣ್ಣು ಇಷ್ಟೇ. ಮೂವತ್ತಮೂರು ಗೇಟಿನ ಅಣೆಕಟ್ಟು ತುಂಬಿದರೆ ಬಾಗಿನ ಅರ್ಪಿಸುತ್ತೇವೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋದಾಗ ಗೇಟಿಗೆ ಸರಪಳಿ ಎಂಬುದೊಂದು ಇದೆಯೆಂದು ಊರಿಗೆಲ್ಲ ಗೊತ್ತಾಯಿತು.

ಒಮ್ಮೆ ವಿಜಯದಶಮಿಯ ಮಧ್ಯಾಹ್ನ ದಿಬ್ಬ ನೋಡಿ ಬಂದು ಹಂಪಿಯ ವಾಹನ ನಿಲ್ದಾಣದಲ್ಲಿ ನಿಂತಿದ್ದೆ. ದಿಬ್ಬದ ಕಲ್ಲಿನಲ್ಲಿ ಸಾಲು ಸಾಲು ಕುದುರೆಗಳಿವೆ. ನಿಲ್ದಾಣದಲ್ಲಿ ಸಾಲು ಸಾಲು ಕಾರುಗಳಿದ್ದವು, ಎಲ್ಲಕ್ಕೂ ಹಾರ. ಅಭ್ಯಾಸಬಲದಿಂದ ಟೈರು ನೋಡುತ್ತಾ ಹೋದೆ. ಹಲವು ಗಾಡಿಗಳ ಗೀರಿನಲ್ಲಿ ಹಿಂದಿನ ದಿನದ ನಿಂಬೆಯ ಬೀಜ ಸಿಕ್ಕಿಕೊಂಡಿತ್ತು. ಒಂದು ಬಾಡಿಗೆ ಗಾಡಿಯ ಎಡ ಹಿಂದಿನ ಟೈರಿನಲ್ಲಿ ಮಾತ್ರ ಬೀಜ ಸಿಕ್ಕಿಕೊಳ್ಳಲು ಗೀರೇ ಇರಲಿಲ್ಲ. ಅಂಚಿನಲ್ಲಿ ತಂತಿ ಹೊಳೆಯುತ್ತಿತ್ತು. ಒಳಗೆ ಮಕ್ಕಳು ಸೇರಿ ಏಳೆಂಟು ಜನ. ಚಾಲಕನನ್ನು ಕರೆದು ತೋರಿಸಿದೆ. ಬಗ್ಗಿ ನೋಡಿದ. ‘ನಿನ್ನೇನೆ ಪೂಜೆ ಆಗೇತಿ ಸರ’ ಎಂದ. ಆಮೇಲೆ ಡ್ಯಾಶ್‌ಬೋರ್ಡಿನಿಂದ ಎರಡು ಬನ್ನಿ ಎಲೆ ತಂದು ನನ್ನ ಕೈಗಿಟ್ಟು, ಕಾಲು ಮುಟ್ಟಿ ನಮಸ್ಕರಿಸಿ, ‘ಬಂಗಾರದಂಗಿರೋಣ ಸರ’ ಎಂದು ಗಾಡಿ ತೆಗೆದು ಕಮಲಾಪುರದ ಕಡೆ ಹೊರಟ.