ಸೋಲಿನ ಪ್ರಶ್ನೆ ಕೈಬಿಟ್ಟ ಪರೀಕ್ಷೆ

ಅಮೆರಿಕದ ಹೈಸ್ಕೂಲುಗಳಲ್ಲಿ 'ಎಪಿ ಕಂಪ್ಯೂಟರ್ ಸೈನ್ಸ್ ಪ್ರಿನ್ಸಿಪಲ್ಸ್' ಎಂಬ ಕೋರ್ಸ್ ಓದುವ ಮಕ್ಕಳು ತಾವೇ ಒಂದು ಪ್ರೋಗ್ರಾಂ ಬರೆದು, ಅದು ಓಡುವುದನ್ನು ವಿಡಿಯೊ ಮಾಡಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡಿಗೆ ಕಳಿಸಬೇಕು. ವಿಡಿಯೊ ಒಂದು ನಿಮಿಷ ಮೀರುವಂತಿಲ್ಲ. ವಿದ್ಯಾರ್ಥಿಯ ದನಿಯೂ ಕೇಳಿಸುವಂತಿಲ್ಲ. ಬೇಕಿದ್ದರೆ ಪರದೆಯ ಮೇಲೆ ಅಕ್ಷರ ಮೂಡಿಸಬಹುದು. ಮಾಡಿದ್ದನ್ನು ತೋರಿಸು, ಬಾಯಿ ಮಾತ್ರ ಬಿಡಬೇಡ!

ಮಾತಿನ ಸರದಿ ಬರುವುದು ಪರೀಕ್ಷೆಯ ದಿನ, ಅದೂ ಬರವಣಿಗೆಯಲ್ಲಿ. ಮೊದಲೆಲ್ಲ ಮಕ್ಕಳು ವಿವರಣೆಯನ್ನು ಮುಂಚಿತವಾಗಿಯೇ ಬರೆದು ಪ್ರೋಗ್ರಾಂ ಜೊತೆ ಸಲ್ಲಿಸುತ್ತಿದ್ದರು. 2024ರಿಂದ ಆ ಬರಹ ಪರೀಕ್ಷಾ ಕೊಠಡಿಗೆ ಬಂತು. ಕಣ್ಣೆದುರು ತಮ್ಮದೇ ಕೋಡಿನ ತುಣುಕುಗಳಿರುತ್ತವೆ: ಒಂದು ಲಿಸ್ಟ್, ಒಂದು ಪ್ರೊಸೀಜರ್. ಅವುಗಳಲ್ಲಿ ವಿವರಣೆಯ ಕಾಮೆಂಟ್ ಇರಬಾರದು. ಪ್ರಶ್ನೆ ಏನೆಂದು ಮೊದಲೇ ಗೊತ್ತಿರುವುದಿಲ್ಲ. ಒಟ್ಟು ಅಂಕದಲ್ಲಿ ಶೇ 30 ಈ ಇಡೀ ಕೆಲಸಕ್ಕೆ.

ಈ ಬಿಗಿ ಬೇಕಿತ್ತು. ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್ ಭಾಷೆ ಬಳಸುವ ಮಕ್ಕಳನ್ನು ಮಾತಾಡಿಸಿ ಸಂಶೋಧಕರಾದ ಕರೆನ್ ಬ್ರೆನನ್ ಮತ್ತು ಮಿಚೆಲ್ ರೆಸ್ನಿಕ್ 2012ರಲ್ಲಿ ಮಂಡಿಸಿದ ಪ್ರಬಂಧ ಇದನ್ನೇ ಎತ್ತಿ ತೋರಿಸಿತ್ತು: ಪ್ರಾಜೆಕ್ಟಿನಲ್ಲಿ ಒಂದು ಬ್ಲಾಕ್ ಇದೆಯೆಂದ ಮಾತ್ರಕ್ಕೆ ಅದು ಮಗುವಿಗೆ ಅರ್ಥವಾಗಿದೆ ಎನ್ನಲಾಗದು. ಬೇರೆಯವರ ಪ್ರಾಜೆಕ್ಟ್ ರೀಮಿಕ್ಸ್ ಮಾಡುವುದು ಸ್ಕ್ರ್ಯಾಚ್‌ನಲ್ಲಿ ಸಹಜ. ಎರವಲು ಕೋಡ್ ಸೊಗಸಾಗಿ ಓಡುತ್ತದೆ. ಹೇಗೆ ಎಂದು ಕೇಳಿದರೆ ಮಾತು ತಡವರಿಸುತ್ತದೆ. ಪ್ರದರ್ಶನವನ್ನಷ್ಟೇ ನೋಡಿ ಚಪ್ಪಾಳೆ ತಟ್ಟುವ ತರಗತಿಗೆ ಈ ತಡವರಿಕೆ ಕಾಣುವುದೇ ಇಲ್ಲ.

ಆದರೆ ಪರೀಕ್ಷೆ ಬಿಗಿಯಾಗುತ್ತ ಹೋದಂತೆ ಅದರ ಅತ್ಯುತ್ತಮ ಪ್ರಶ್ನೆಯೇ ಜಾರಿಹೋಯಿತು. 2016-17ರಲ್ಲಿ ಕೋರ್ಸ್ ಶುರುವಾದಾಗ ವಿದ್ಯಾರ್ಥಿಗಳು ಪ್ರೋಗ್ರಾಂ ಹಂತಹಂತವಾಗಿ ಬೆಳೆದ ಬಗೆಯನ್ನು, ನಡುವೆ ಎದುರಾದ ತೊಡಕು ಅಥವಾ ಹೊಸ ಅವಕಾಶಗಳನ್ನು ಹೇಗೆ ನಿಭಾಯಿಸಿದರೆಂಬುದನ್ನು ಬರೆಯಬೇಕಿತ್ತು. 2020-21ರ ಪರಿಷ್ಕರಣೆಯಲ್ಲಿ ಆ ಕಾಯಂ ಪ್ರಶ್ನೆ ಹೋಯಿತು. ಅದಕ್ಕೆ ಬಾಯಿಪಾಠದ ಉತ್ತರವೂ ಬರುತ್ತಿದ್ದಿರಬಹುದು, ಕಟ್ಟುಕಥೆಯೂ. ಅಂಕ ಕೊಡುವುದು ಕಷ್ಟವೇ. ದೋಷ ಮತ್ತು ಪರೀಕ್ಷಣೆಯ ಬಗೆಗೆ ಈಗಲೂ ಪ್ರಶ್ನೆಯಿದೆ, ನಿಜ. ಆದರೆ ಯಾವ ಇನ್‌ಪುಟ್ ಕೊಟ್ಟರೆ ಏನಾಗುತ್ತದೆ ಎಂದು ವಿವರಿಸುವುದು ಬೇರೆ, ಎರಡು ದಿನ ಹುಡುಕಿದ ತಪ್ಪು ಕೊನೆಗೆ ಲೂಪಿನ ಶರತ್ತಿನಲ್ಲಿತ್ತು ಎಂದು ಹೇಳಿಕೊಳ್ಳುವುದು ಬೇರೆ. ಸೀಮೋರ್ ಪ್ಯಾಪರ್ಟ್ ಲೋಗೊ ಭಾಷೆಯ ಮೂಲಕ ಮಕ್ಕಳಿಗೆ ಕಲಿಸಬಯಸಿದ್ದು ಎರಡನೆಯದನ್ನು.

ಅದನ್ನು ಮರಳಿ ತರಲು ಕಾಲೇಜ್ ಬೋರ್ಡಿಗೆ ಕಾಯಬೇಕಿಲ್ಲ. ಮೇ ತಿಂಗಳ ಪರೀಕ್ಷೆ ಮುಗಿದ ಮೇಲೂ ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಪಾಠದ ದಿನಗಳು ಉಳಿದಿರುತ್ತವೆ. ಆಗ ಮಕ್ಕಳು ಮುಗಿಸಿದ ಪ್ರೋಗ್ರಾಂ ಬದಲು ಅರ್ಧಕ್ಕೆ ಬಿಟ್ಟ ಆವೃತ್ತಿಯನ್ನು ತೆರೆದು, ಯಾವ ಸಾಲು ಅಳಿಸಿದೆ, ಏಕೆ ಅಳಿಸಿದೆ ಎಂದು ಗೆಳೆಯರೆದುರು ಹೇಳಬಹುದು. ಅದಕ್ಕೆ ಅಂಕ ಬೇಡ.